ಬಾಕಿ ಚಲನ್ ಹುಡುಕಿ ಬಗೆಹರಿಸಲು ಠಾಣೆಯಲ್ಲಿ ಒಂದು ಟೇಬಲ್ ಕೊಡಿ

ಗೆ,
ಸಹಾಯಕ ಪೊಲೀಸ್ ಆಯುಕ್ತರು,
ಸಂಚಾರ ಉಪವಿಭಾಗ.

ಇಂದ,
ಬಡಾವಣೆಯ ನಿವಾಸಿಗಳ ಪರವಾಗಿ ಕೆಳಗೆ ಸಹಿ ಮಾಡಿದವರು.

ವಿಷಯ: ನಮ್ಮ ವಾಹನಗಳ ಮೇಲಿರುವ ದಂಡದ ದಾಖಲೆ ನೋಡಲು, ತಪ್ಪಿದ್ದರೆ ಸರಿ ಮಾಡಿಸಲು ಠಾಣೆಯಲ್ಲೇ ಅನುಕೂಲ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ಮೊದಲೇ ಒಂದು ಮಾತು. ದಂಡ ಮನ್ನಾ ಮಾಡಿ ಅಂತ ಕೇಳಲು ನಾವು ಬಂದಿಲ್ಲ. ಪಕ್ಕದ ರಸ್ತೆಗೆ ತಾನೇ ಅಂತ ಹೆಲ್ಮೆಟ್ ಮನೆಯಲ್ಲೇ ಬಿಟ್ಟು ಹೋಗಿ ಸಿಕ್ಕಿಬಿದ್ದವರು ನಮ್ಮಲ್ಲಿದ್ದಾರೆ. ಸಿಗ್ನಲ್ ಹಾರಿಸಿದವರೂ ಇದ್ದಾರೆ. ಅವರು ಕಟ್ಟಲಿ, ಕಟ್ಟುತ್ತಾರೆ ಕೂಡ. ನಮ್ಮ ತೊಂದರೆ ಬೇರೆ. ಎಷ್ಟು ಬಾಕಿ ಇದೆ ಅಂತ ಒಂದೇ ಕಡೆ ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ, ಇದು ನನ್ನದಲ್ಲ ಅಂತ ಹೇಳಲು ಜಾಗವಿಲ್ಲ.

ನಮ್ಮ ಅಡ್ಡರಸ್ತೆಯ ನಿವೃತ್ತ ಮೇಷ್ಟ್ರೊಬ್ಬರ ವಿಷಯ ಕೇಳಿ. ಅವರದು ಹಳೇ ಬೂದು ಬಣ್ಣದ ಸ್ಕೂಟರ್. ಒಂದು ಸಂಜೆ ಮಗಳು ಸುಮ್ನೆ ಗಾಡಿ ನಂಬರ್ ಹಾಕಿ ನೋಡಿದಳು. ಮೂರು ಕೇಸು ಬಂತು. ಎರಡರ ಫೋಟೋದಲ್ಲಿ ಮೇಷ್ಟ್ರೇ ಇದ್ದರು, ಜೀಬ್ರಾ ಪಟ್ಟೆಯ ಮೇಲೆ ಚಕ್ರ ನಿಲ್ಲಿಸಿಕೊಂಡು. ಅದೇ ರಾತ್ರಿ ಎರಡನ್ನೂ ಕಟ್ಟಿದರು. ಮೂರನೆಯದು ಹೆಲ್ಮೆಟ್ ಇಲ್ಲದ ಕೇಸು. ಫೋಟೋದಲ್ಲಿ ಕಪ್ಪು ಬೈಕು, ಮೇಲೆ ಇಬ್ಬರು ಹುಡುಗರು. ನಂಬರ್ ಪ್ಲೇಟಿನ ಕೊನೆಯ ಅಂಕಿಗೆ ಕೆಸರು ಸಿಡಿದಿದೆ. ದೊಡ್ಡದು ಮಾಡಿ ನೋಡಿದರೆ ಅದು 3. ದಾಖಲೆಯಲ್ಲಿ 8 ಆಗಿದೆ.

ಮೇಷ್ಟ್ರು ಪ್ರಿಂಟ್ ತೆಗೆಸಿಕೊಂಡು ಒಂದು ಠಾಣೆಗೆ ಹೋದರು. ಕೇಸು ಬಿದ್ದಿರುವುದು ಬೇರೆ ಠಾಣೆ ವ್ಯಾಪ್ತಿಯಲ್ಲಿ ಅಂದರು. ಆ ಠಾಣೆಗೆ ಹೋದರೆ, ಕ್ಯಾಮೆರಾ ಕೇಸು ನಮ್ಮ ಕೈಯಲ್ಲಿಲ್ಲ, ಇಮೇಲ್ ಮಾಡಿ ಅಂದರು. ಇಮೇಲ್ ಮಾಡಿದರೆ, ತಲುಪಿದೆ ಅಂತ ಯಂತ್ರದ ಉತ್ತರ ಬಂತು. ಅಷ್ಟೇ. ಮತ್ತೆ ಠಾಣೆಗೆ ಹೋದಾಗ ಅಲ್ಲಿದ್ದವರೊಬ್ಬರು ಪ್ರೀತಿಯಿಂದಲೇ ಹೇಳಿದರಂತೆ: "ಐನೂರು ರೂಪಾಯಿ ತಾನೇ ಸಾರ್, ಕಟ್ಟಿಬಿಡಿ." ಮೇಷ್ಟ್ರು, "ಐನೂರು ಇರಲಿ, ಐದೇ ಇರಲಿ, ಅದು ನಾನಲ್ವಲ್ಲ" ಅಂದು ವಾಪಸ್ ಬಂದರು. ಆ ಕೇಸು ಇವತ್ತಿಗೂ ಹಾಗೇ ಇದೆ.

ಇಂಥ ಎಡವಟ್ಟು ನಮ್ಮೂರಲ್ಲಿ ಮಾತ್ರ ಆಗುತ್ತದೆ ಅಂತ ನಾವು ದೂರುತ್ತಿಲ್ಲ. ಐರ್ಲೆಂಡ್ ಪೊಲೀಸರ ದಾಖಲೆಯಲ್ಲಿ 'ಪ್ರಾವೊ ಯಾಜ್ಡಿ' ಅನ್ನುವ ಪೋಲೆಂಡ್ ಚಾಲಕನ ಹೆಸರಲ್ಲಿ 50ಕ್ಕೂ ಹೆಚ್ಚು ನಮೂದುಗಳಿದ್ದವು. ಪ್ರತಿ ಸಲವೂ ಬೇರೆ ವಿಳಾಸ. ಪೋಲಿಶ್ ಭಾಷೆಯಲ್ಲಿ ಆ ಪದಗಳ ಅರ್ಥ ಚಾಲನಾ ಪರವಾನಗಿ! ಲೈಸೆನ್ಸ್ ಕಾರ್ಡಿನ ತಲೆಯ ಮೇಲೆ ಅಚ್ಚಾಗಿದ್ದದ್ದನ್ನೇ ಹೆಸರು ಅಂತ ಬರೆದುಕೊಂಡಿದ್ದರು. 2007ರಲ್ಲಿ ಅವರದೇ ಇಲಾಖೆಯ ಒಬ್ಬ ಅಧಿಕಾರಿ ಕೂತು ನೋಡಿದಾಗ ಇದು ಬೆಳಕಿಗೆ ಬಂತು. ನಾವು ಕೇಳುತ್ತಿರುವುದೂ ಹಾಗೆ ಕೂತು ನೋಡುವ ಒಬ್ಬರನ್ನೇ.

ಇನ್ನು ದಾಖಲೆ ಹುಡುಕುವ ಕಷ್ಟ. ಪೊಲೀಸರ ಪುಟದಲ್ಲಿ ಒಂದು ಲೆಕ್ಕ, ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಇ-ಚಲನ್ ಪುಟದಲ್ಲಿ ಇನ್ನೊಂದು ಲೆಕ್ಕ. ಪರಿವಾಹನ್‌ನಲ್ಲಿ ಗಾಡಿ ನಂಬರ್ ಕೊಟ್ಟರೆ ಸಾಲದು, ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಕ್ಷರವೂ ಬೇಕು. ಹಳೇ ಆರ್‌ಸಿ ಪುಸ್ತಕದಲ್ಲಿ ಮಡಿಕೆ ಬಿದ್ದು ಅಳಿಸಿಹೋಗಿರುವುದು ಸರಿಯಾಗಿ ಆ ಸಾಲೇ. ಕೆಲವು ದಿನ ಬಿಟ್ಟು ನೋಡಿದರೆ ಚಲನ್ ಪಟ್ಟಿಯಲ್ಲೇ ಇಲ್ಲ. ಅಬ್ಬಾ, ಹೋಯಿತು ಅಂದುಕೊಳ್ಳುತ್ತೇವೆ. ಅದು ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನಿನಲ್ಲೇ ನಡೆಯುವ ಕೋರ್ಟಿಗೆ ಹೋಗಿರುತ್ತದೆ. ಅಲ್ಲಿ ತಪ್ಪೊಪ್ಪಿಕೊಂಡು ಕಟ್ಟಬಹುದು, ಇಲ್ಲ ತಕರಾರು ಹಾಕಬಹುದು. ತಕರಾರು ಹಾಕಿದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಒಂದು ಅಂಕಿ ತಪ್ಪಾಗಿ ಓದಿದ್ದಕ್ಕೆ ಮೇಷ್ಟ್ರು ಕೋರ್ಟು ಹತ್ತಬೇಕಾ?

ಕಟ್ಟಿದ್ದೂ ಬಾಕಿ ಅಂತಲೇ ತೋರಿಸುವುದು ಇನ್ನೊಂದು ತಲೆನೋವು. ನಮ್ಮ ಬಡಾವಣೆಯ ಆಟೋ ಓಡಿಸುವವರೊಬ್ಬರು ರಸ್ತೆಯಲ್ಲೇ ದಂಡ ಕಟ್ಟಿ, ಯಂತ್ರದಿಂದ ಬಂದ ಚೀಟಿಯನ್ನು ಪರ್ಸಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಬಾಕಿ ಅಂತ ಮತ್ತೆ ಮೆಸೇಜ್ ಬಂದಾಗ ಚೀಟಿ ಬಿಚ್ಚಿದರೆ ಬರೀ ಬಿಳಿ ಕಾಗದ. ಆ ಕಾಗದದ ಅಕ್ಷರ ಬಿಸಿಗೆ, ಬೆವರಿಗೆ ನಿಲ್ಲುವುದಿಲ್ಲ ಅನ್ನುವುದು ತಮಗೂ ಗೊತ್ತು. ಪುಣ್ಯಕ್ಕೆ ಮಗ ಅದರ ಫೋಟೋ ತೆಗೆದಿಟ್ಟಿದ್ದ. ಆದರೆ ಆ ಫೋಟೋ ಯಾರಿಗೆ ತೋರಿಸಬೇಕು ಅಂತ ಇನ್ನೂ ಗೊತ್ತಾಗಿಲ್ಲ.

ಮಾರಿದ ಗಾಡಿಗಳ ವಿಷಯದಲ್ಲಿ ತಪ್ಪು ನಮ್ಮದೇ ಜಾಸ್ತಿ, ಒಪ್ಪುತ್ತೇವೆ. ಗಾಡಿ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೀ ಕೊಟ್ಟರೆ ಮುಗಿಯಿತು ಅಂದುಕೊಂಡೆವು. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಇಬ್ಬರೂ ಮಾಡಲಿಲ್ಲ. ಈಗ ಯಾರೋ ಓಡಿಸುವ ಗಾಡಿಯ ನೋಟಿಸು ನಮ್ಮ ಬಾಗಿಲಿಗೆ ಬರುತ್ತಿದೆ. ಮಾರಾಟದ ಕಾಗದ ಇರುವವರ ಮಾಹಿತಿಯನ್ನು ತಾವು ಆರ್‌ಟಿಒಗೆ ಕಳಿಸಿದರೆ ದೊಡ್ಡ ಉಪಕಾರ.

ಮೊಬೈಲಿಗೆ ಬರುವ ಮೆಸೇಜನ್ನು ನಂಬುವ ಹಾಗೂ ಇಲ್ಲ. ಚಲನ್ ಅಂತ ವಾಟ್ಸಾಪಿನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವವರು ಹುಟ್ಟಿಕೊಂಡಿದ್ದಾರೆ. ಆ ಭಯಕ್ಕೆ ಇಲಾಖೆಯ ನಿಜವಾದ ಮೆಸೇಜನ್ನೂ ನಮ್ಮವರು ಅಳಿಸಿಹಾಕುತ್ತಿದ್ದಾರೆ. ಯಾವ ಪುಟ ಅಸಲಿ ಅಂತ ಠಾಣೆಯ ಬಾಗಿಲಲ್ಲಿ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಿದರೆ ಸಾಕು.

ನಾವು ನಿಯಮ ಮೀರಿ ಏನನ್ನೂ ಕೇಳುತ್ತಿಲ್ಲ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತಂದ 167ಎ ನಿಯಮದಲ್ಲಿ, ಕ್ಯಾಮೆರಾ ಕೇಸಿನ ನೋಟಿಸು ಘಟನೆ ಆದ 15 ದಿನದೊಳಗೆ ಹೋಗಬೇಕು ಅಂತ ಇತ್ತು. ತಪ್ಪೂ ನಂಬರ್ ಪ್ಲೇಟೂ ಸ್ಪಷ್ಟವಾಗಿ ಕಾಣುವ ಚಿತ್ರ, ದಿನ, ಹೊತ್ತು, ಜಾಗ, ಯಾವ ಕಲಂ ಅನ್ನುವುದು ಇರಬೇಕು, ಚಲನ್ ಇತ್ಯರ್ಥ ಆಗುವವರೆಗೆ ಆ ದಾಖಲೆ ಉಳಿಸಿಡಬೇಕು ಅಂತಲೂ ಬರೆದಿದ್ದರು. ಕೆಸರು ಮೆತ್ತಿದ ಅಂಕಿಯನ್ನು ಸ್ಪಷ್ಟ ಅನ್ನಲು ಬರುವುದಿಲ್ಲ, ಅಲ್ವಾ?

ರಿಯಾಯಿತಿ ಬಗ್ಗೆಯೂ ಹೇಳಬೇಕು. 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಸರ್ಕಾರ ಅರ್ಧ ದಂಡ ಕಟ್ಟಿದರೆ ಸಾಕು ಅಂದಿತು. ಜನ ಸಾಲುಗಟ್ಟಿ ಕಟ್ಟಿದರು. ಬಾಕಿ ವಸೂಲಾಯಿತು, ಒಳ್ಳೆಯದೇ. ಆದರೆ ನಮ್ಮಲ್ಲಿ ಕೆಲವರು ತಮ್ಮದಲ್ಲದ ಕೇಸಿಗೂ ಅರ್ಧ ಕಟ್ಟಿ ಕೈತೊಳೆದುಕೊಂಡರು. ಅಲೆದಾಟಕ್ಕಿಂತ ಅದೇ ಅಗ್ಗ ಅನ್ನಿಸಿತು. ತಪ್ಪು ಮಾಡಿದವನಿಗೂ ಅರ್ಧ, ಮಾಡದವನಿಗೂ ಅರ್ಧ. ಅದು ನಮಗೆ ಸರಿ ಕಾಣಲಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ವಾರಕ್ಕೆ ಒಂದು ದಿನ, ಎರಡು ಗಂಟೆ, ಠಾಣೆಯಲ್ಲಿ ಒಂದು ಟೇಬಲ್ ಹಾಕಿಸಿ. ಎಲ್ಲಾ ಪುಟಗಳನ್ನೂ ತೆರೆದು ನೋಡಬಲ್ಲ ಸಿಬ್ಬಂದಿಯೊಬ್ಬರು ಅಲ್ಲಿ ಕೂರಲಿ. ಆರ್‌ಸಿ ಹಿಡಿದು ಬಂದವರಿಗೆ, ಯಾವುದು ಪೊಲೀಸರ ಹತ್ತಿರ ಇದೆ, ಯಾವುದು ಕೋರ್ಟಿನಲ್ಲಿದೆ ಅಂತ ಬರೆದುಕೊಡಲಿ. ತಕರಾರು ಇದ್ದರೆ ಅಲ್ಲೇ ತೆಗೆದುಕೊಂಡು ನಂಬರ್ ಹಾಕಿದ ಸ್ವೀಕೃತಿ ಕೊಡಲಿ. ಕೇಸು ಯಾವ ಠಾಣೆಯದಾದರೂ ಸರಿ, ಅಲ್ಲಿಗೆ ಕಳಿಸುವ ಕೆಲಸ ಠಾಣೆಯದೇ ಆಗಲಿ. ಮೂವತ್ತು ದಿನದೊಳಗೆ ಹೌದು ಅಥವಾ ಇಲ್ಲ ಅಂತ ಹಿಂಬರಹ ಸಿಗಲಿ. ಇಲ್ಲ ಅಂದರೆ ಯಾಕೆ ಅಂತ ಒಂದು ಸಾಲು ಬರೆದರೆ ಸಾಕು, ಕೋರ್ಟಿಗೆ ಹೋಗಬೇಕಾದವರು ಆ ಕಾಗದ ಹಿಡಿದು ಹೋಗುತ್ತಾರೆ. ತಕರಾರು ನಡೆಯುತ್ತಿರುವ ಚಲನ್ ಬಾಕಿಗೆ ರಸ್ತೆಯಲ್ಲಿ ಗಾಡಿ ತಡೆದು ನಿಲ್ಲಿಸದಂತೆ ಸಿಬ್ಬಂದಿಗೆ ತಿಳಿಸಿ.

ನಮ್ಮ ಕಡೆಯಿಂದಲೂ ಕೆಲಸ ಮಾಡುತ್ತೇವೆ. ಆರ್‌ಸಿಯಲ್ಲಿ ಹಳೇ ಮೊಬೈಲ್ ನಂಬರ್ ಇರುವವರ ಪಟ್ಟಿ ಮಾಡಿ, ಬದಲಾಯಿಸಲು ಕೂರಿಸಿ ಅರ್ಜಿ ಹಾಕಿಸುತ್ತೇವೆ. ಕಂಪ್ಯೂಟರ್ ಗೊತ್ತಿರುವ ನಮ್ಮ ಹುಡುಗರಿಬ್ಬರು ಹಿರಿಯರ ಕಾಗದ ಜೋಡಿಸಿಕೊಡಲು ಒಪ್ಪಿದ್ದಾರೆ. ಖರೆ ಕೇಸುಗಳ ದಂಡವನ್ನು ಅದೇ ಟೇಬಲ್ಲಿನಲ್ಲಿ ಕಟ್ಟಿಸುತ್ತೇವೆ.

ಇದರ ಜೊತೆ ಮೇಷ್ಟ್ರ ಚಲನ್ ಫೋಟೋ, ಅವರ ಸ್ಕೂಟರಿನ ಫೋಟೋ, ಆಟೋದವರ ಚೀಟಿಯ ಪ್ರತಿ, ಮಾರಾಟದ ಕಾಗದಗಳ ನಕಲು ಇಟ್ಟಿದ್ದೇವೆ. ಬಿಳಿಯಾದ ಅಸಲಿ ಚೀಟಿಯನ್ನೂ ಪಿನ್ ಮಾಡಿದ್ದೇವೆ, ನೋಡಿ ವಾಪಸ್ ಕೊಡಿ. ತಾವು ಹೇಳಿದ ದಿನ ನಾಲ್ಕೈದು ಜನ ಬಂದು ಭೇಟಿಯಾಗುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು
(ಸಹಿಗಳು ಹಿಂದಿನ ಹಾಳೆಯಲ್ಲಿವೆ)