ಕಪಾಟಿನ ಬೀಗ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನವಲಗುಂದ ಸೀಮೆಯ ನಮ್ಮ ಪ್ರೌಢಶಾಲೆಗೆ ನಿಮ್ಮ ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಕೃಷಿ ರೋಬೋಟ್ ಪ್ರಯೋಗಾಲಯ ಕೊಡಿಸುವ ವಿಚಾರ ಓದಿ ಎದೆ ತುಂಬಿತು. ಜೊತೆಗೇ ಒಂದು ಭಯವೂ ಹುಟ್ಟಿತು.

ನಾನು ವಿಜ್ಞಾನ ಕಲಿಸುತ್ತಿದ್ದ ಶಾಲೆಯೊಂದಕ್ಕೆ ದಾನಿಗಳು ಒಳ್ಳೆಯ ಉಪಕರಣಗಳನ್ನೇ ಕೊಟ್ಟಿದ್ದರು. ಮರುದಿನ ಎಲ್ಲವೂ ದಾಸ್ತಾನು ವಹಿಗೆ ಏರಿದವು. ಒಂದು ಮುರಿದರೂ ಸಹಿ ಹಾಕಿದವನೇ ಉತ್ತರ ಕೊಡಬೇಕು. ಕಪಾಟಿಗೆ ಬೀಗ ಹಾಕಿದವನು ನಾನೇ. ಆ ನೋವು ಇನ್ನೂ ಹೋಗಿಲ್ಲ. ಆದ್ದರಿಂದ ಸೆನ್ಸರ್, ಸಣ್ಣ ಮೋಟರ್, ತಂತಿ ಇವೆಲ್ಲ ಸೀಮೆಸುಣ್ಣದಂತೆ ಸವೆದುಹೋಗುವ ವಸ್ತುಗಳು ಎಂದು ಒಪ್ಪಂದದಲ್ಲೇ ಬರೆಸು.

ನೀನು ಕಳಿಸಿದ ಪಟ್ಟಿಯ ತುಂಬ ಕಪ್ಪು ಗೆರೆ ಹಿಡಿದು ಓಡುವ ರೋಬೋಟ್‌ಗಳೇ ಇವೆ. ನುಣುಪು ಹಾಳೆಯ ಮೇಲೆ ಅವು ಓಡುತ್ತವೆ, ನಿಜ. ಮಳೆಯಾದ ಮರುದಿನ ನಮ್ಮ ಎರೆ ಹೊಲಕ್ಕೆ ಇಳಿಸಿ ನೋಡು: ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿಗೆ ಮಣ್ಣು ಮೆತ್ತಿ ನಿಂತುಬಿಡುತ್ತವೆ. ಬೇಸಿಗೆಯಲ್ಲಿ ಅದೇ ನೆಲ ಬಿರಿದಾಗ, ತೇವ ಅಳೆಯುವ ಕಡ್ಡಿ ಬಿರುಕಿನೊಳಗಿನ ಗಾಳಿಯನ್ನು ಅಳೆಯುತ್ತದೆ. ಮಕ್ಕಳು ಕಲಿಯಬೇಕಾದದ್ದು ಅಲ್ಲಿದೆ. ಅಗ್ಗದ ಎರಡು ಕವಲಿನ ಕಡ್ಡಿಯಲ್ಲಿ ಸದಾ ವಿದ್ಯುತ್ ಹರಿಸಿದರೆ ಲೋಹ ಸವೆದು ಅದು ಸುಳ್ಳು ಹೇಳತೊಡಗುತ್ತದೆ. ಏಕೆಂದು ಹುಡುಕಿದ ಹುಡುಗಿ ವಿದ್ಯುದ್ವಿಭಜನೆಯನ್ನು ಜನ್ಮದಲ್ಲಿ ಮರೆಯುವುದಿಲ್ಲ. ಹಿಡಿ ಮಣ್ಣನ್ನು ತೂಗಿ, ಒಣಗಿಸಿ, ಮತ್ತೆ ತೂಗಿ, ಯಂತ್ರ ಹೇಳಿದ್ದು ಸರಿಯೇ ಎಂದು ಅವರೇ ಪರೀಕ್ಷಿಸಲಿ. ಕೋಣೆಗೆ ಬಣ್ಣ ಹೊಡೆಸುವ ದುಡ್ಡಿನಲ್ಲಿ ಶಾಲೆಯ ಹಿಂದಿನ ಅರ್ಧ ಗುಂಟೆಗೆ ಬೇಲಿ ಹಾಕಿಸು.

ಇನ್ನು ಹಣ. ಶಾಲಾ ಮಕ್ಕಳು ಕೈಯಾರೆ ಯಂತ್ರ ಮಾಡಿ ಕಲಿಯಲೆಂದು ಕೇಂದ್ರ ಸರಕಾರ ರೂಪಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯದ 20 ಲಕ್ಷ ರೂಪಾಯಿ ಅನುದಾನದಲ್ಲಿ 10 ಲಕ್ಷ ಸ್ಥಾಪನೆಗಾದರೆ, ಉಳಿದ 10 ಲಕ್ಷ ಐದು ವರ್ಷ ನಡೆಸುವುದಕ್ಕೆ. ನಿನ್ನ ಅಂದಾಜಿನಲ್ಲಿ ನಡೆಸುವ ಖರ್ಚೇ ಇಲ್ಲ. ಎಲ್ಲವೂ ಮಾರ್ಚ್ ಒಳಗೆ ಮುಗಿಯುತ್ತದೆ. ಆ ಅವಸರ ಬೇಡ. ಸಾಮಾಜಿಕ ಹೊಣೆಗಾರಿಕೆಯ ಹಣದ ಬಗ್ಗೆ ಹೇಳುವ, 2013ರ ಕಂಪನಿ ಕಾಯ್ದೆಯ 135ನೇ ಕಲಮಿನಲ್ಲಿ ಹಲವು ವರ್ಷ ಮುಂದುವರಿಯುವ ಯೋಜನೆಗೆ ದಾರಿಯಿದೆ. ಉಳಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮೂರು ಹಣಕಾಸು ವರ್ಷಗಳಲ್ಲಿ ಬಳಸಬಹುದು. ನಿಮ್ಮ ಲೆಕ್ಕಪರಿಶೋಧಕರೊಂದಿಗೆ ಕುಳಿತು ಇದನ್ನು ಗಟ್ಟಿ ಮಾಡಿಕೊ. ಡಿಪ್ಲೊಮಾ ಓದಿ ಊರಲ್ಲೇ ಉಳಿದವರೊಬ್ಬರಿಗೆ ವಾರಕ್ಕೆರಡು ದಿನ ಕಲಿಸಲು ಗೌರವಧನ ಕೊಡು. ಶಾಲೆಯ ಶಿಕ್ಷಕರಲ್ಲಿ ಒಬ್ಬರಿಗಲ್ಲ, ಇಬ್ಬರಿಗೆ ತರಬೇತಿ ಕೊಡಿಸು. ಒಬ್ಬರಿಗೆ ವರ್ಗವಾದರೂ ಕೆಲಸ ನಿಲ್ಲಬಾರದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ದೂರವೇನಿಲ್ಲ, ಹೋಗಿ ನೆರವು ಕೇಳು.

ಸಹಿ ಮಾಡುವ ಮುಂಚೆ ಒಂದು ಶನಿವಾರ ಬಾ. ಅಂದು ಬೆಳಗಿನ ಶಾಲೆ. ಶಾಲೆ ಬಿಟ್ಟ ಮೇಲೆ ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯುವ ತಾಯಂದಿರ ಬಳಿ ಹೋಗಿ, ಯಾವ ಕೆಲಸಕ್ಕೆ ಸೊಂಟ ಹೆಚ್ಚು ನೋಯುತ್ತದೆ ಎಂದು ಕೇಳೋಣ. ಮಕ್ಕಳ ಮೊದಲ ಯಂತ್ರ ಯಾವುದೆಂದು ಅವರೇ ಹೇಳಲಿ.

ಇಂತಿ,
ನಿನ್ನ ದೊಡ್ಡಪ್ಪ