ಬಾಯ್ಲರಿಗೆ ನೀರು ಹೊತ್ತವರು

ಪ್ರೀತಿಯ ತಮ್ಮನಿಗೆ,

ನಿನ್ನ ಕಾದಂಬರಿಯ ಕರಡು ಓದಿ ಮುಗಿಸಿದೆ. ಮೊದಲನೇ ಮಹಾಯುದ್ಧದ ಕಾಲದ ಜರ್ಮನ್ ಪೂರ್ವ ಆಫ್ರಿಕಾ, ಒಂದು ದೊಡ್ಡ ಸರೋವರ, ಅದರ ಮೇಲೊಂದು ಜರ್ಮನ್ ಹಡಗು, ಅದನ್ನು ಮುಳುಗಿಸಲು ಹೊರಟ ಒಂದು ಗಂಡು, ಒಂದು ಹೆಣ್ಣು. 'ದಿ ಆಫ್ರಿಕನ್ ಕ್ವೀನ್' ನಿನ್ನ ತಲೆಯಲ್ಲಿ ಕೂತಿದೆ ಅನ್ನುವುದು ಎರಡನೇ ಪುಟದಲ್ಲೇ ಗೊತ್ತಾಗುತ್ತದೆ. ಇರಲಿ, ಯಾವುದೋ ಒಂದರ ಗುಂಗಿನಲ್ಲೇ ಎಲ್ಲರೂ ಬರೆಯಲು ಶುರುಮಾಡುವುದು. ನನ್ನ ತಕರಾರು ಬೇರೆ. 1951ರ ಆ ಸಿನಿಮಾದಿಂದ ನೀನು ಎತ್ತಿಕೊಂಡಿರುವುದು ಭೋರ್ಗರೆಯುವ ನದಿ, ಗುಂಡಿನ ಸುರಿಮಳೆ, ಟಾರ್ಪಿಡೊ. ಅದರ ಕಸುಬನ್ನು ಅಲ್ಲೇ ಬಿಟ್ಟು ಬಂದಿದ್ದೀಯ.

ಚಹಾದ ದೃಶ್ಯ ನೆನಪು ಮಾಡಿಕೋ. ಮಿಷನ್ ಮನೆಯಲ್ಲಿ ಪಾದ್ರಿ, ಅವನ ಸೋದರಿ ರೋಸ್, ಎದುರಿಗೆ ಮಾಸಿದ ಬಟ್ಟೆಯ ದೋಣಿಯವನು ಚಾರ್ಲಿ. ಅವನ ಹೊಟ್ಟೆ ಗುರ್ ಅನ್ನುತ್ತದೆ. ಅಣ್ಣ, ತಂಗಿ ಇಬ್ಬರೂ ಕೇಳಿಸದವರ ಹಾಗೆ ಕೂತಿರುತ್ತಾರೆ. ಮತ್ತೆ ಗುರ್. ಪಾಪ, ಅವನೇ ಏನೋ ಸಮಜಾಯಿಷಿ ಹೇಳುತ್ತಾನೆ. ಯಾರು ಯಾವ ಮನೆಯವರು, ಯಾರಿಗೆ ಯಾರ ಮುಂದೆ ಸಂಕೋಚ ಅನ್ನುವುದೆಲ್ಲ ಅಷ್ಟರಲ್ಲೇ ತಿಳಿದುಹೋಯಿತು. ಯುರೋಪಿನಲ್ಲಿ ಯುದ್ಧ ಶುರುವಾದ ಸುದ್ದಿಯೂ ಅದೇ ಭೇಟಿಯಲ್ಲಿ ಬರುವುದು. ನೀನಾದರೋ ಯುದ್ಧದ ಕಾರಣಗಳನ್ನು ಆಸ್ಟ್ರಿಯಾದ ಆರ್ಚ್‌ಡ್ಯೂಕನ ಕೊಲೆಯಿಂದ ಹಿಡಿದು ಶುರುಮಾಡಿದ್ದೀಯ. ಅದನ್ನು ಪೂರ್ತಿ ತೆಗೆದುಹಾಕು, ಯಾರಿಗೂ ನಷ್ಟವಿಲ್ಲ.

ನಿನ್ನ ಮಿಷನರಿ ಹೆಂಗಸಿನ ವರ್ಣನೆಯ ಗತಿಯೂ ಅದೇ. ರೋಸ್ ಪಾತ್ರ ಮಾಡಿದ ಕ್ಯಾಥರೀನ್ ಹೆಪ್‌ಬರ್ನ್‌ಗೆ ನಿರ್ದೇಶಕ ಜಾನ್ ಹ್ಯೂಸ್ಟನ್ ಕೊಟ್ಟ ಸಲಹೆ ಒಂದೇ ಒಂದು: ಗಾಯಗೊಂಡ ಸೈನಿಕರನ್ನು ನೋಡಲು ಹೋಗುವಾಗ ಅಮೆರಿಕದ ಅಧ್ಯಕ್ಷರ ಹೆಂಡತಿ ಎಲೀನರ್ ರೂಸ್‌ವೆಲ್ಟ್ ಮುಖದ ಮೇಲಿರುತ್ತಿದ್ದ ನಗುವನ್ನು ನೆನೆಸಿಕೋ. ಹೆಪ್‌ಬರ್ನ್ ಅದರ ಮೇಲೇ ಇಡೀ ಪಾತ್ರ ಕಟ್ಟಿದಳು. ಆಮೇಲೆ ಅದೇ ನಗುವಿನ ಹೆಂಗಸು ಚಾರ್ಲಿಯ ಜಿನ್ ಬಾಟಲಿಗಳನ್ನು ಒಂದೊಂದಾಗಿ ನದಿಗೆ ಸುರಿಯುವಾಗ ನಮಗೆ ಆಶ್ಚರ್ಯವಾಗುವುದಿಲ್ಲ, ಭಯವಾಗುತ್ತದೆ.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ದೋಣಿಯ ಬಾಯ್ಲರಿನ ಪಂಪು ಪದೇ ಪದೇ ಕಟ್ಟಿಕೊಳ್ಳುತ್ತದೆ. ಚಾರ್ಲಿ ಅದಕ್ಕೆ ಒದೆಯುತ್ತಾನೆ. ಯಾಕೆ ಅಂದರೆ, ತನ್ನ ಕೆಲಸದ ಹುಡುಗನೊಬ್ಬ ಒಳಗೆ ಸ್ಕ್ರೂಡ್ರೈವರ್ ಬೀಳಿಸಿದ್ದಾನೆ ಅನ್ನುತ್ತಾನೆ. ಚೆಂದದ ವಿವರ, ನಗು ಬರುತ್ತದೆ. ಆದರೆ ಆ ಹುಡುಗ ಯಾರು, ಎಲ್ಲಿ ಹೋದ? ಜರ್ಮನರು ಮಿಷನ್ನಿನ ಹಳ್ಳಿ ಸುಟ್ಟ ಮೇಲೆ ಆ ಸಿನಿಮಾದಲ್ಲಿ ಆಫ್ರಿಕದವರು ಕಾಣುವುದು ಜರ್ಮನರ ಕೋಟೆಯಿಂದ ಗುಂಡು ಹಾರಿಸುವ ಅಸ್ಕಾರಿ ಸಿಪಾಯಿಗಳಾಗಿ ಮಾತ್ರ. ಉಳಿದಂತೆ ಅಷ್ಟು ಉದ್ದದ ನದಿಯ ದಡದಲ್ಲಿ ನರಪಿಳ್ಳೆ ಇಲ್ಲ. ಇಬ್ಬರು ಬಿಳಿಯರ ಪ್ರೇಮಕ್ಕೆ ಅನುಕೂಲವಾಗಲಿ ಎಂದು ಒಂದು ದೇಶವನ್ನೇ ಖಾಲಿ ಮಾಡಿದ್ದಾರೆ. 1951ರಲ್ಲಿ ಅದು ನಡೆಯಿತು. ನೀನೂ ಅದನ್ನೇ ಮಾಡುತ್ತಿದ್ದೀಯಲ್ಲ, ಯಾವ ಅವಸರಕ್ಕೆ?

ಈ ಕಥೆಯ ಹಿಂದಿನ ನಿಜ ಘಟನೆ ನಿನಗೆ ಗೊತ್ತಿದೆ, ಕರಡಿನಲ್ಲಿ ಒಂದು ಪ್ಯಾರಾ ಬಂದಿದೆ. ಟಾಂಗನಿಕಾ ಸರೋವರ ಜರ್ಮನರ ಹಿಡಿತದಲ್ಲಿತ್ತು. ಬ್ರಿಟಿಷರು ಸ್ಪೈಸರ್-ಸಿಮ್ಸನ್ ಎಂಬ ಅಧಿಕಾರಿಯ ಕೈಕೆಳಗೆ 'ಮಿಮಿ', 'ಟೂಟೂ' ಎಂಬ ನಲವತ್ತು ಅಡಿಯ ಎರಡು ಮೋಟಾರ್ ದೋಣಿಗಳನ್ನು ಇಂಗ್ಲೆಂಡಿನಿಂದ ಕಳಿಸಿದರು. ಕೇಪ್‌ಟೌನ್‌ವರೆಗೆ ಹಡಗು, ಅಲ್ಲಿಂದ ಬೆಲ್ಜಿಯನ್ ಕಾಂಗೋದ ಫುಂಗುರುಮೆವರೆಗೆ ರೈಲು. ಅಲ್ಲಿಂದ ಮುಂದೆ ಹಳಿಯೂ ಇಲ್ಲ, ರಸ್ತೆಯೂ ಇಲ್ಲ. ಎದುರಿಗೆ ಮಿಟುಂಬಾ ಬೆಟ್ಟಸಾಲು. ಉಗಿ ಎಂಜಿನ್‌ಗಳು, ಎತ್ತುಗಳು, ನೂರಾರು ಸ್ಥಳೀಯ ಆಳುಗಳು. ಕಾಡು ಕಡಿದು ದಾರಿ ಮಾಡಿದರು, ಹಳ್ಳಗಳಿಗೆ ಮರದ ಸೇತುವೆ ಹಾಕಿದರು. ಏರಿನಲ್ಲಿ ಎಳೆಯುವುದು ಒಂದು ಕಷ್ಟ, ಇಳಿಜಾರಿನಲ್ಲಿ ದೋಣಿ ಜಾರಿಹೋಗದಂತೆ ಹಿಡಿಯುವುದು ಅದಕ್ಕಿಂತ ಕಷ್ಟ. ಉಗಿ ಎಂಜಿನ್ ಅಂದಮೇಲೆ ನೀರು ಬೇಕು. ಒಣ ಹವೆ, ನೀರಿಲ್ಲ. ಸುತ್ತಲ ಹಳ್ಳಿಗಳ ಹೆಂಗಸರು ಮೈಲಿಗಟ್ಟಲೆ ದೂರದಿಂದ ತಲೆ ಮೇಲೆ ನೀರು ಹೊತ್ತು ತಂದು ಆ ಬಾಯ್ಲರುಗಳ ಹೊಟ್ಟೆ ತುಂಬಿಸಿದರು.

1915ರ ಡಿಸೆಂಬರ್ 26ರಂದು ಆ ದೋಣಿಗಳು 'ಕಿಂಗಾನಿ' ಎಂಬ ಜರ್ಮನ್ ಹಡಗನ್ನು ಸೆರೆಹಿಡಿದವು. ಕಾದಾಟ ನಡೆದದ್ದು ಕೆಲವೇ ನಿಮಿಷ, ಹೊತ್ತು ತಂದದ್ದು ತಿಂಗಳುಗಟ್ಟಲೆ. ನೀನು ಆ ನಿಮಿಷಗಳಿಗೆ ಎರಡು ಅಧ್ಯಾಯ ಕೊಟ್ಟು, ತಿಂಗಳುಗಳನ್ನು ಒಂದು ಪ್ಯಾರಾದಲ್ಲಿ ಮುಗಿಸಿದ್ದೀಯ. ತಿರುವು ಮುರುವು ಮಾಡು. ನೀರು ಹೊತ್ತ ಒಬ್ಬ ಹೆಂಗಸಿನ ಬೆಳಗಿನಿಂದ ಸಂಜೆವರೆಗಿನ ದಿನವನ್ನು ಬರೆ ನೋಡೋಣ. ಅವಳ ಕಣ್ಣಿಗೆ ಆ ದೋಣಿ ಏನು? ಗುಡ್ಡ ಹತ್ತುತ್ತಿರುವ ದೋಣಿ! ಸಾಹಸವೇ ಬೇಕೆಂದರೆ ಇದಕ್ಕಿಂತ ಏನು ಬೇಕಯ್ಯ?

ಆ ರಂಗದಲ್ಲಿ ಯುದ್ಧವೆಂದರೆ ಹೆಚ್ಚಾಗಿ ಹೊರೆ. ತ್ಸೆತ್ಸೆ ನೊಣ ಕಚ್ಚಿ ಕುದುರೆ, ಎತ್ತು, ಹೇಸರಗತ್ತೆ ಎಲ್ಲ ಸಾಯುತ್ತಿದ್ದವು, ಹಾಗಾಗಿ ಸಾಮಾನು ಮನುಷ್ಯರ ತಲೆಗೆ ಬಂತು. ಹೊರೆಯಾಳಿಗೂ ಊಟ ಬೇಕು. ದಾರಿ ಉದ್ದವಾದಷ್ಟೂ ಅವನು ಹೊತ್ತ ಹಿಟ್ಟು ಅವನಿಗೇ ಮುಗಿಯುತ್ತದೆ. ಅದನ್ನು ತುಂಬಲು ಇನ್ನಷ್ಟು ಹೊರೆಯಾಳುಗಳು. ಬ್ರಿಟಿಷರ ಕಡೆಯಲ್ಲೇ ಹತ್ತು ಲಕ್ಷದ ಆಸುಪಾಸು ಜನ ಹೀಗೆ ಹೊತ್ತರು. ಸತ್ತವರು ಲಕ್ಷದ ಹತ್ತಿರ ಎಂಬ ಅಂದಾಜಿದೆ, ಅದೂ ಬಹುಪಾಲು ಆಮಶಂಕೆ, ಮಲೇರಿಯಾ, ಅರೆಹೊಟ್ಟೆಯಿಂದ. ಈ ಅಂಕಿಗಳನ್ನು ಕಾದಂಬರಿಯಲ್ಲಿ ಹಾಕಬೇಡ. ಹಿಟ್ಟಿನ ಚೀಲ ಹಗುರವಾಗುವುದನ್ನು ತೋರಿಸು, ಸಾಕು.

ನಮ್ಮ ಊರಿನ ಕೊಂಡಿ ಹಾಕಲೇ ಎಂದು ಕೇಳಿದ್ದೀಯ. ಕೊಂಡಿ ಇದೆ. 1914ರ ನವೆಂಬರಿನಲ್ಲಿ ಟಾಂಗಾ ಬಂದರಿಗೆ ಇಳಿದ ಭಾರತದ ಪಡೆಯಲ್ಲಿ 27ನೇ ಬೆಂಗಳೂರು ಬ್ರಿಗೇಡ್ ಇತ್ತು. ಸುಮಾರು ಎಂಟು ಸಾವಿರ ಜನ ಇಳಿದು, ಸಾವಿರದಷ್ಟಿದ್ದ ಜರ್ಮನ್ ಪಡೆಯ ಕೈಲಿ ಸೋತು, ಮದ್ದುಗುಂಡು ಅಲ್ಲೇ ಬಿಟ್ಟು ಹಡಗು ಹತ್ತಿದರು. ಆದರೆ ಹೆಸರು ನೋಡಿ ಮೋಸ ಹೋಗಬೇಡ. ಅದು ದಂಡಿನ, ಅಂದರೆ ಕಂಟೋನ್ಮೆಂಟಿನ ಬ್ರಿಗೇಡು. ಅದರಲ್ಲಿದ್ದವರು ಲ್ಯಾಂಕಷೈರಿನ ಗೋರಾಗಳು, ಪಾಳಯಂಕೋಟೆಯ ಪಲ್ಟನ್, ಗ್ರೆನೇಡಿಯರ್‌ಗಳು. ನಾಯಕನನ್ನು ಬಲವಂತವಾಗಿ ಚಿಕ್ಕಪೇಟೆಯವನನ್ನಾಗಿ ಮಾಡಿದರೆ ಓದುಗರು ಖುಷಿಪಡಬಹುದು, ಕಥೆ ಕೆಡುತ್ತದೆ. ಕಾದಾಟದ ನಡುವೆ ಸಿಪಾಯಿಗಳ ಮೇಲೆರಗಿದ ಟಾಂಗಾದ ಜೇನುನೊಣಗಳನ್ನೂ ಮುಟ್ಟಬೇಡ. ಎಲ್ಲರೂ ಬರೆದು ಸವೆಸಿದ್ದಾರೆ.

ಕೊನೆಯ ಅಧ್ಯಾಯದ ಸ್ಫೋಟದ ಬಗ್ಗೆ. ಸಿನಿಮಾದಲ್ಲಿ ಜರ್ಮನ್ ಹಡಗು ನಾಯಕರ ಮುಳುಗಿದ ದೋಣಿಯ ಟಾರ್ಪಿಡೊಗೆ ಬಡಿದು ಸಿಡಿಯುತ್ತದೆ. ಸಿ. ಎಸ್. ಫಾರೆಸ್ಟರ್ 1935ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಅವರ ಪ್ರಯತ್ನ ಸೋಲುತ್ತದೆ, ಹಡಗನ್ನು ಮುಳುಗಿಸುವುದು ಬ್ರಿಟಿಷ್ ನೌಕಾಪಡೆ. ನಿಜದ ಹಡಗು 'ಗ್ರಾಫ್ ಫಾನ್ ಗೋಟ್ಸೆನ್' ಕಥೆ ಇವೆರಡಕ್ಕಿಂತ ಸೊಗಸು. ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿ ಕಟ್ಟಿ, ಬಿಚ್ಚಿ, ಸುಮಾರು ಐದು ಸಾವಿರ ಪೆಟ್ಟಿಗೆಗಳಲ್ಲಿ ತುಂಬಿ ದಾರ್ ಎಸ್ ಸಲಾಮ್‌ಗೆ ತಂದು, ರೈಲಿನಲ್ಲಿ ಕಿಗೋಮಾಕ್ಕೆ ಸಾಗಿಸಿ ಮತ್ತೆ ಜೋಡಿಸಿದ್ದು. 1916ರಲ್ಲಿ ಸೋಲು ಖಚಿತವಾದಾಗ ಜರ್ಮನರೇ ಎಂಜಿನ್‌ಗೆ ದಪ್ಪಗೆ ಗ್ರೀಸ್ ಬಳಿದು, ಯಾವತ್ತಾದರೂ ಎತ್ತಬಹುದೆಂದು ಜೋಪಾನವಾಗಿ ಮುಳುಗಿಸಿದರು. 1924ರಲ್ಲಿ ಬ್ರಿಟಿಷರು ಎತ್ತಿದರು. 1927ರಿಂದ ಅದು 'ಲಿಯೆಂಬಾ' ಎಂಬ ಹೆಸರಿನಲ್ಲಿ ಅದೇ ಸರೋವರದಲ್ಲಿ ಹಳ್ಳಿ ಜನರನ್ನು, ಮೂಟೆಗಳನ್ನು ಹೇರಿಕೊಂಡು ದಶಕಗಳ ಕಾಲ ಓಡಾಡಿತು. ಗ್ರೀಸ್ ಬಳಿಯುವ ಆ ಎಂಜಿನಿಯರನ ಕೈ ನಿನಗೆ ಸಿಕ್ಕಿದರೆ ಸ್ಫೋಟವೇ ಬೇಡ.

ಇನ್ನು ಚಿಲ್ಲರೆ ವಿಷಯ. ಹಡಗಿನ ಹೆಸರನ್ನು ಮೂರು ಕಡೆ ಮೂರು ಥರ ಬರೆದಿದ್ದೀಯ, ಒಂದಕ್ಕೆ ನಿಲ್ಲು. ಮೊಸಳೆ ಐದು ಸಲ ಬಾಯಿ ತೆರೆಯುತ್ತದೆ, ಒಂದು ಸಲ ಸಾಕು. ಮೂರನೇ ಅಧ್ಯಾಯ ಮೊದಲು ತಿದ್ದಿ ಅದನ್ನಷ್ಟೇ ಕಳಿಸು; ದೀಪಾವಳಿವರೆಗೆ ನಾನು ಊರಲ್ಲೇ ಇರುತ್ತೇನೆ. ಅಚ್ಚು ಹಾಕಿದ ಪ್ರತಿಯನ್ನೇ ಕಳಿಸು, ಮೊಬೈಲಿನಲ್ಲಿ ಓದಲು ನನ್ನ ಕಣ್ಣಿಗೆ ಆಗುವುದಿಲ್ಲ.

ಇಂತಿ ನಿನ್ನ,
ಅಣ್ಣ