ಫಿಶ್ ರೂಮಿನ ಅಣ್ಣನಿಗೆ, ಮತ್ತೆ ನಿಮಗೆಲ್ಲ

ಈ ತಿಂಗಳ ಕೊನೆಗೆ ನಾನು ನಿವೃತ್ತಿ. ಬೆಂಗಳೂರಿನ ನಮ್ಮ ಲ್ಯಾಬ್‌ನ ಬೀಗದ ಕೈ ಹೊಸಬರಿಗೆ ಹೋಗುತ್ತದೆ. ಫೋನ್ ಮಾಡಿದವರು, ಮೆಸೇಜ್ ಹಾಕಿದವರು ತುಂಬಾ ಜನ. ಒಬ್ಬೊಬ್ಬರಿಗೂ ಬರೆಯಲು ಆಗಲಿಲ್ಲ, ಅದಕ್ಕೇ ಇದು.

ಬೆರಳುದ್ದವೂ ಇಲ್ಲದ ಒಂದು ಪಟ್ಟೆ ಮೀನಿನ ಜೊತೆ ನನ್ನ ಕೆಲಸದ ವರ್ಷಗಳೆಲ್ಲ ಕಳೆದವು. ಜೀಬ್ರಾಫಿಶ್ ಗಂಗೆಯ ಸೀಮೆಯದು. 1822ರಲ್ಲಿ ಅದನ್ನು ಮೊದಲು ವಿವರಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆ ಸುತ್ತಿದ ಬುಕಾನನ್ ಇವರೇ! ಆದರೆ ಅದನ್ನು ತಳಿವಿಜ್ಞಾನಕ್ಕೆ ತಂದದ್ದು ಅಮೆರಿಕದ ಒರೆಗಾನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್. 1996ರಲ್ಲಿ ಜರ್ಮನಿಯ ಟ್ಯೂಬಿಂಗನ್ ಮತ್ತು ಅಮೆರಿಕದ ಬಾಸ್ಟನ್‌ನ ಲ್ಯಾಬ್‌ಗಳು ತಮ್ಮ ಮ್ಯೂಟೆಂಟ್‌ಗಳನ್ನೆಲ್ಲ, ಅಂದರೆ ಯಾವುದೋ ಒಂದು ಜೀನ್ ಕೆಟ್ಟ ಮೀನುಗಳನ್ನೆಲ್ಲ, ಒಂದು ವಿಜ್ಞಾನ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದಾಗ, ಪಿಎಚ್‌ಡಿ ಮುಗಿಸಿ ಮುಂದೇನು ಅಂತ ಕೂತಿದ್ದೆ. ಆ ಸಂಚಿಕೆ ಓದಿ ಮುಗಿಸುವಷ್ಟರಲ್ಲಿ ದಾರಿ ಗೊತ್ತಾಗಿತ್ತು.

ಕಲಿಸಿದ ಗುರುಗಳಿಗೆ, ಮೀನಿನ ಮೊಟ್ಟೆ ಪ್ಯಾಕ್ ಮಾಡಿ ಕಳಿಸಿದ ದೂರದ ಲ್ಯಾಬ್‌ಗಳಿಗೆ, ನನ್ನ ಎಲ್ಲ ವಿದ್ಯಾರ್ಥಿಗಳಿಗೆ, ಹಬ್ಬದ ದಿನವೂ ಲ್ಯಾಬಿಗೆ ಓಡಿದರೆ ಬೇಸರ ಮಾಡಿಕೊಳ್ಳದ ಅಮ್ಮನಿಗೆ, ಮನೆಯವರಿಗೆ ನಾನು ಋಣಿ.

ಇನ್ನು ಅಣ್ಣ. ನಮ್ಮ ಫಿಶ್ ರೂಮ್ ನೋಡಿಕೊಳ್ಳುವವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟ ಆ ರಾತ್ರಿ ನಿಮಗೆಲ್ಲ ನೆನಪಿದೆ. ಪಂಪ್ ನಿಂತು ಎಷ್ಟೋ ಹೊತ್ತಾಗಿತ್ತು. ನಾನು ಹೋಗುವಷ್ಟರಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಮ್ಮ ಹೃದಯದ ಮ್ಯೂಟೆಂಟ್ ತಳಿ ಇಡೀ ಆ ಒಂದು ರ‍್ಯಾಕ್‌ನಲ್ಲಿತ್ತು. ಪ್ರತಿ ಜೀನೂ ಎರಡೆರಡು ಪ್ರತಿ ಇರುತ್ತದೆ; ಈ ಜೀನಿನ ಎರಡೂ ಪ್ರತಿ ಕೆಟ್ಟ ಮರಿ ಕೆಲವೇ ದಿನಕ್ಕೆ ಸಾಯುತ್ತದೆ. ಹಾಗಾಗಿ ಕೆಟ್ಟ ಪ್ರತಿ ಒಂದನ್ನು ಮಾತ್ರ ಹೊತ್ತ, ನೋಡಲು ಆರೋಗ್ಯವಾಗಿರುವ ದೊಡ್ಡ ಮೀನುಗಳಲ್ಲೇ ತಳಿ ಉಳಿಯಬೇಕು. ಅವು ಹೋದರೆ ಎಲ್ಲ ಹೋದಂತೆ. ನಾನು ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ತಡೆಯಲಾಗಲಿಲ್ಲ.

"ಮೇಡಂ, ಬೆಳಗ್ಗೆ ಅಳಿ. ಈಗ ಟಾರ್ಚ್ ಹಿಡೀರಿ," ಅಂದರು ಅಣ್ಣ.

ಅಷ್ಟರಲ್ಲಾಗಲೇ ಪರಿಚಯದ ಅಕ್ವೇರಿಯಂ ಅಂಗಡಿಯವರನ್ನು ಎಬ್ಬಿಸಿ ಬ್ಯಾಟರಿ ಏರ್ ಪಂಪ್ ತಂದಿದ್ದರು. ಅದು ಸಾಲದ ಕಡೆ ಮಗ್‌ನಲ್ಲಿ ನೀರು ತುಂಬಿ ಎತ್ತರದಿಂದ ಹುಯ್ಯುತ್ತಾ ಹೋದರು. ಗಾಳಿ ಸೇರಲಿ ಅಂತ. ಒಂದು ತೊಟ್ಟಿ, ಮುಂದಿನದು, ಮತ್ತೆ ಮೊದಲನೆಯದು. ಬೆಳಗಾಗುವವರೆಗೂ ಕೂರಲಿಲ್ಲ. ಕೈ ನಡುಗುತ್ತಿತ್ತು, ಆದರೂ ನನಗೆ ಮಗ್ ಕೊಡಲಿಲ್ಲ. ಸತ್ತ ಮೀನುಗಳನ್ನು ಬೇರೆ ಮಾಡಿ, ಯಾವ ತೊಟ್ಟಿಯವು ಅಂತ ಒಂದೊಂದಕ್ಕೂ ಚೀಟಿ ಹಚ್ಚಿದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಉಳಿದದ್ದು ಕೆಲವೇ ಮೀನು. ವಾರಗಟ್ಟಲೆ ಮೊಟ್ಟೆಯೇ ಇಡಲಿಲ್ಲ. ಅಣ್ಣ ಮಾತ್ರ ದಿನಾ ಸಂಜೆ ಜೋಡಿ ಹಾಕಿ ನಡುವೆ ತಡೆ ಇಡುವುದು, ಬೆಳಗ್ಗೆ ಲೈಟ್ ಹತ್ತಿದ ಕೂಡಲೇ ತೆಗೆಯುವುದು ಬಿಡಲಿಲ್ಲ. ಒಂದು ಬೆಳಗ್ಗೆ ಫೋನ್ ಬಂತು: "ಮೊಟ್ಟೆ ಇದೆ ಮೇಡಂ."

ಎರಡು ದಿನ ಕಾದು ಮೈಕ್ರೋಸ್ಕೋಪ್ ಕೆಳಗಿಟ್ಟೆವು. ಗಾಜಿನಂಥ ಮೈಯೊಳಗೆ ಪುಟ್ಟ ಹೃದಯಗಳು ಬಡಿಯುತ್ತಿದ್ದವು. ಸುಮಾರು ನಾಲ್ಕರಲ್ಲಿ ಒಂದು ಮರಿಯಲ್ಲಿ ಹೃದಯದ ಸುತ್ತ ನೀರು ತುಂಬಿ ಊದಿತ್ತು. ಎರಡೂ ಪ್ರತಿ ಕೆಟ್ಟ ಮರಿಗಳು ಅವು. ಅಂದರೆ ತಳಿ ಉಳಿದಿತ್ತು. ಅಣ್ಣನನ್ನು ಕರೆದು ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಪಾಪ, ಇದು ಬದುಕಲ್ಲ ಅಲ್ವಾ?" ಅಂದರು. ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಅಲ್ಲಿಯವರೆಗೆ ಬರೀ ಎಣಿಸುತ್ತಿದ್ದೆ.

ಆಮೇಲೆ ಬಂದ ನಮ್ಮ ಸಂಶೋಧನಾ ಪೇಪರ್‌ಗಳೆಲ್ಲ ಆ ಮೀನುಗಳ ಮರಿಮಕ್ಕಳಿಂದ. ಅವುಗಳ ಕೊನೆಯ ಪುಟದಲ್ಲಿ ಅಣ್ಣನಿಗೆ ಸಿಕ್ಕಿದ್ದು ಅರ್ಧ ಸಾಲು. ಪತ್ರಿಕೆಗಳ ಪದ್ಧತಿ ಹಾಗೆ. ಅದು ಸರಿ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಅಣ್ಣ ಇನ್ನೂ ಕೆಲವು ವರ್ಷ ಅಲ್ಲೇ ಇರುತ್ತಾರೆ. ಹೊಸದಾಗಿ ಸೇರುವ ಮಕ್ಕಳೇ, ಮೀಟರ್ ಎಲ್ಲ ಸರಿ ತೋರಿಸುತ್ತಿದ್ದರೂ ಅವರು ನೀರಿಗೆ ಕೈಯಿಟ್ಟು "ಏನೋ ಸರಿಯಿಲ್ಲ" ಅಂದರೆ, ದಯವಿಟ್ಟು ಇನ್ನೊಂದು ಸಲ ಪರೀಕ್ಷೆ ಮಾಡಿ.